ಸ್ಪೀಕರು ಕೆಟ್ಟಿತೆನ್ನುವ ಮುನ್ನ

ಕಲಾ ವಿಭಾಗದವನಿಗೆ ಸ್ಪೀಕರಿನ ಗೊಡವೆ ಏತಕ್ಕೆಂದು ಮಿತ್ರರು ನಕ್ಕಾರು. ಆದರೆ ದೋಷ ಎಲ್ಲಿದೆಯೆಂದು ಹುಡುಕುವುದು ತರ್ಕದ ಕೆಲಸ. ತರ್ಕಕ್ಕೆ ನಾವೂ ಹಕ್ಕುದಾರರಷ್ಟೆ.

ಸ್ಪೀಕರಿನ ರಚನೆ ಬಹು ಸರಳ. ಅಯಸ್ಕಾಂತದ ಸಂದಿನಲ್ಲಿ ತೆಳು ತಂತಿಯ ಸುರುಳಿ. ಅದಕ್ಕೆ ಅಂಟಿದ ಕಾಗದದ ಶಂಕು. ವಿದ್ಯುತ್ತು ಹರಿದಂತೆ ಸುರುಳಿ ಹಿಂದುಮುಂದಾಡುತ್ತದೆ, ಶಂಕು ಗಾಳಿಯನ್ನು ನೂಕುತ್ತದೆ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬವರು ವಿವರಿಸಿದ ಕ್ರಮವೇ ಇಂದಿಗೂ ಬಹುಮಟ್ಟಿಗೆ ನಡೆದುಬಂದಿದೆ. ಇದರಲ್ಲಿ ಕೆಡುವ ಭಾಗಗಳು ಕಡಮೆ. ಇದಕ್ಕೆ ಬಂದು ಸೇರುವ ತಂತಿ, ಪಿನ್ನುಗಳನ್ನೇ ಮೊದಲು ಸಂಶಯಿಸಬೇಕು.

ನಮ್ಮ ಮನೆಯ ಜೋಡಿ ಸ್ಪೀಕರುಗಳು ತಂದೆಯವರು ಹಳೆಯವಾಗಿ ಕೊಂಡವು. ಅವರಿಗೆ ಓದು ಬರದು. ಯಕ್ಷಗಾನ ಪ್ರಸಂಗಗಳನ್ನೆಲ್ಲ ಕ್ಯಾಸೆಟ್ಟಿನಿಂದಲೇ ಕೇಳಿ ಬಲ್ಲರು. ಕಳೆದ ಮಳೆಗಾಲದಲ್ಲಿ ಎಡಗಡೆಯದು ಮೂಕವಾಯಿತು. ದುರಸ್ತಿಯವರೊಬ್ಬರು ಬಿಚ್ಚಿಯೂ ನೋಡದೆ ಎರಡನ್ನೂ ಬದಲಿಸಬೇಕೆಂದರು. ಅವರು ಹೇಳಿದ ಮೊತ್ತ ನನ್ನ ವರ್ಷದ ಕಾಲೇಜು ಶುಲ್ಕವನ್ನು ಮೀರಿತ್ತು.

ಉಪಾಯವಿದು. ಆಂಪ್ಲಿಫೈಯರನ್ನು ಆರಿಸಿ (ಆರಿಸದೆ ತಂತಿ ಮುಟ್ಟಬಾರದು, ಎರಡೆಳೆ ತಾಗಿದರೆ ಅದೇ ಸುಟ್ಟೀತು) ಅದರ ಹಿಂದೆ ಎಡಬಲ ಸ್ಪೀಕರುಗಳ ತಂತಿಗಳನ್ನು ಅದಲುಬದಲು ಮಾಡಬೇಕು. ಮೌನ ಅದೇ ಪೆಟ್ಟಿಗೆಯಲ್ಲಿ ಉಳಿದರೆ ದೋಷ ಆ ಪೆಟ್ಟಿಗೆಯಲ್ಲಿಯೋ ಅದರ ತಂತಿಯಲ್ಲಿಯೋ ಇದೆ. ಮೌನ ಇನ್ನೊಂದಕ್ಕೆ ದಾಟಿದರೆ ಸ್ಪೀಕರು ನಿರಪರಾಧಿ. ನಮ್ಮಲ್ಲಿ ಮೌನ ದಾಟಿತು. ಸ್ಪೀಕರು ತಂತಿಗಳನ್ನು ಮೊದಲಿನಂತಿಟ್ಟು, ಕ್ಯಾಸೆಟ್ ಯಂತ್ರದಿಂದ ಬರುವ ಪಿನ್ನುಗಳನ್ನು ಹಾಗೆಯೇ ಬದಲಿಸಿದೆ, ಆಗಲೂ ದಾಟಿತು. ಆಂಪ್ಲಿಫೈಯರೂ ಬಿಡುಗಡೆಯಾಯಿತು. ಉಳಿದದ್ದು ಪಿನ್ನು, ಅದರಾಚೆಯ ಯಂತ್ರ. ತೇವಕ್ಕೆ ಕಪ್ಪಾಗಿದ್ದ ಪಿನ್ನನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ, ಒಣಗಿಸಿ ಸಿಕ್ಕಿಸಲು ದನಿ ಬಂದಿತು. ಖರ್ಚು ಬಟ್ಟೆಯ ಚೂರು.

ಪೆಟ್ಟಿಗೆಯ ಮೇಲೆಯೇ ಸಂಶಯ ಬಂದರೆ ತಂತಿಗಳನ್ನು ಬಿಡಿಸಿ 1.5 ವೋಲ್ಟಿನ ಬ್ಯಾಟರಿ ಸೆಲ್ಲನ್ನು ಕ್ಷಣಮಾತ್ರ ತಾಗಿಸಿರಿ. ಟಕ್ಕೆಂದರೆ ಸುರುಳಿ ಜೀವಂತ. ತಿರುಗಿ ಜೋಡಿಸುವಾಗ ಕೆಂಪು ಕಪ್ಪುಗಳನ್ನು ನೋಡಿಕೊಳ್ಳಬೇಕು. ಒಂದು ಕಡೆ ತಲೆಕೆಳಗಾದರೆ ಮದ್ದಳೆಯ ಗಾಂಭೀರ್ಯ ಸೊರಗುತ್ತದೆ. ನಡುವಿನಿಂದ ಬರಬೇಕಾದ ಭಾಗವತರ ದನಿಗೆ ನೆಲೆಯೇ ಸಿಗುವುದಿಲ್ಲ.

ಧೂಳಿಗೆ ಮೆತ್ತನೆಯ ಒಣ ಕುಂಚ ಸಾಕು. ಕಾಗದದ ಶಂಕಿಗೆ ನೀರು ತಾಗಿಸಬಾರದು. ನಡುವಿನ ಪುಟ್ಟ ಗುಮ್ಮಟವನ್ನು ಬೆರಳಿನಿಂದ ಒತ್ತುವ ಚಪಲ ಮಕ್ಕಳಿಗೇ ಅಲ್ಲ, ದೊಡ್ಡವರಿಗೂ ಉಂಟು! ಶಂಕಿನ ಸುತ್ತಲಿನ ಫೋಮಿನ ಅಂಚು ವರ್ಷಗಳು ಕಳೆದಂತೆ, ತೇವದ ಹವೆಯಲ್ಲಂತೂ, ಪುಡಿಯಾಗುತ್ತದೆ. ಆಗ ತಗ್ಗಿನ ಸ್ವರಕ್ಕೆ ಪರಪರ ಸದ್ದು ಕೇಳುತ್ತದೆ. ಅಳತೆಗೆ ತಕ್ಕ ಅಂಚು ಬಿಡಿಯಾಗಿಯೂ ದೊರೆಯುತ್ತದೆ. ಹಳೆಯದನ್ನು ಕೆರೆದು ತೆಗೆದು ಹೊಸದನ್ನು ಅಂಟಿಸಿ, ಅಂಟು ಆರುವವರೆಗೆ ಶಂಕು ನಡುವಿನಿಂದ ಸರಿಯದಂತೆ ನೋಡಿಕೊಂಡರಾಯಿತು.