ಪೊಲೀಸರು ಕೈ ತೋರಿಸಿದಾಗ ಓಡಬೇಡಿ, ಹೆದರಲೂ ಬೇಡಿ

ಮಂಡ್ಯದಲ್ಲಿ 2025ರ ಮೇ 26ರಂದು ನಡೆದ ಘಟನೆಯನ್ನು ಓದಿದ ಯಾವ ತಾಯಿಯೂ ಅದನ್ನು ಬೇಗ ಮರೆಯಲಾರಳು. ಮದ್ದೂರು ತಾಲೂಕಿನ ದಂಪತಿ, ನಾಲ್ಕು ವರ್ಷವೂ ತುಂಬದ ಮಗಳಿಗೆ ನಾಯಿ ಕಚ್ಚಿತೆಂದು ಬೈಕಿನಲ್ಲಿ ಮಂಡ್ಯದ ಆಸ್ಪತ್ರೆಗೆ ಧಾವಿಸುತ್ತಿದ್ದರು. ನಗರದಲ್ಲಿ ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಸಂಚಾರಿ ಪೊಲೀಸರು ಗಾಡಿಯನ್ನು ತಡೆದರು. ಆ ಗಡಿಬಿಡಿಯಲ್ಲಿ ಮಗು ರಸ್ತೆಗೆ ಬಿತ್ತು. ಹಿಂದಿನಿಂದ ಬಂದ ವಾಹನ ಅದರ ಮೇಲೆ ಹರಿಯಿತು. ಔಷಧಿಗೆಂದು ಹೊರಟ ಮಗು ತಾಯಿಯ ಕಣ್ಣೆದುರೇ ಪ್ರಾಣ ಬಿಟ್ಟಿತು. ಮೂವರು ಎಎಸ್‌ಐಗಳು ಅಮಾನತುಗೊಂಡರು. ಆದರೆ ಹೋದ ಜೀವ ಮರಳಿ ಬರಲಿಲ್ಲ.

ಮಂಡ್ಯ ನಮ್ಮ ಊರಿಗೆ ದೂರ. ಆದರೆ ಈ ಘಟನೆ ದೂರದ್ದಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಇಂದು ಬೈಕ್ ಅಥವಾ ಸ್ಕೂಟಿ ಇಲ್ಲದ ಮನೆ ಅಪರೂಪ. ಮಕ್ಕಳನ್ನು ಶಾಲೆಗೆ ಬಿಡುವುದಕ್ಕೂ ಸಂತೆಗೆ ಹೋಗುವುದಕ್ಕೂ ಆಸ್ಪತ್ರೆಗೆ ಓಡುವುದಕ್ಕೂ ಅದೇ ಆಸರೆ. ಬಸ್ ನಿಲ್ದಾಣದ ಸರ್ಕಲ್ಲಿನಲ್ಲಿ ಖಾಕಿ ಕಂಡ ಕೂಡಲೇ ಗಾಡಿ ತಿರುಗಿಸಿ ಓಣಿಗೆ ನುಗ್ಗುವ ಹುಡುಗರನ್ನು ನಾವೆಲ್ಲ ನೋಡಿದ್ದೇವೆ. ಅವರಲ್ಲಿ ನಮ್ಮ ಮಕ್ಕಳೂ ಇರುತ್ತಾರೆ. ಆದ್ದರಿಂದ ಪೊಲೀಸರಿಗೆ ಯಾವ ಅಧಿಕಾರವಿದೆ, ಯಾವುದು ಇಲ್ಲ, ನಮ್ಮ ಹೊಣೆ ಎಷ್ಟು ಎಂಬುದನ್ನು ಮನೆಯ ಹೆಣ್ಣುಮಕ್ಕಳು ತಿಳಿದಿರುವುದು ಅಗತ್ಯ.

ಪೊಲೀಸರಿಗೇ ಬಂದ ಸೂಚನೆ

ಮಂಡ್ಯದ ಘಟನೆಗೆ ಕೆಲವೇ ದಿನಗಳ ಹಿಂದೆ ಡಾ. ಎಂ.ಎ. ಸಲೀಂ ಅವರು ರಾಜ್ಯ ಪೊಲೀಸ್ ಮುಖ್ಯಸ್ಥರಾಗಿ ಅಧಿಕಾರ ವಹಿಸಿಕೊಂಡಿದ್ದರು. ಘಟನೆಯ ಬೆನ್ನಿಗೇ ಅವರು ರಾಜ್ಯದ ಪೊಲೀಸರಿಗೆಲ್ಲ ಸೂಚನೆ ಹೊರಡಿಸಿದರು. ಕಣ್ಣಿಗೆ ಕಾಣುವ ನಿಯಮ ಉಲ್ಲಂಘನೆ ಇಲ್ಲದಿದ್ದರೆ ಕೇವಲ ದಾಖಲೆ ನೋಡಲೆಂದು ವಾಹನ ತಡೆಯಬಾರದು. ಓಡುತ್ತಿರುವ ಗಾಡಿಗೆ ದಿಢೀರನೆ ಅಡ್ಡ ಬರಬಾರದು. ಹೆದ್ದಾರಿಯಲ್ಲಿ ಅಂಕುಡೊಂಕಾಗಿ ಬ್ಯಾರಿಕೇಡ್ ಇಟ್ಟು ವಾಹನ ನಿಲ್ಲಿಸಬಾರದು. ಸವಾರರನ್ನು ಹಿಡಿದೆಳೆಯುವುದು, ಗಾಡಿಯ ಕೀಲಿ ಕಿತ್ತುಕೊಳ್ಳುವುದು ಕೂಡದು. ನಿಲ್ಲದೆ ಹೋದವರನ್ನು ಬೆನ್ನಟ್ಟಬಾರದು. ಗಾಡಿಯ ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಬೇಕು. ಆ ಸೂಚನೆಯ ಮುಖ್ಯ ಅಂಶಗಳು ಇವು.

ಇದು ಹೊಸ ಮಾತೇನೂ ಅಲ್ಲ. 2022ರ ಜೂನ್‌ನಲ್ಲಿ ಆಗಿನ ಪೊಲೀಸ್ ಮುಖ್ಯಸ್ಥ ಪ್ರವೀಣ್ ಸೂದ್ ಅವರೂ ದಾಖಲೆ ತಪಾಸಣೆಗಾಗಿಯೇ ವಾಹನ ತಡೆಯಬೇಡಿ ಎಂದಿದ್ದರು. ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ಅವರು ವಿನಾಯಿತಿ ಇಟ್ಟಿದ್ದರು. ಅಂದರೆ ಮಂಡ್ಯದ ಮಗು ಸಾಯುವ ಮೂರು ವರ್ಷ ಮೊದಲೇ ಈ ಮಾತು ಹೇಳಿ ಆಗಿತ್ತು. ಮೇಲಿನವರ ಆದೇಶ ರಸ್ತೆಯಲ್ಲಿ ನಿಂತ ಪೇದೆಯವರೆಗೆ ತಲುಪದಿದ್ದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೆನ್ನಟ್ಟುವುದು ಏಕೆ ಬೇಡ?

"ತಪ್ಪು ಮಾಡಿದವನನ್ನು ಹಿಡಿಯಬಾರದೇ?" ಎಂದು ಕೆಲವರು ಕೇಳಬಹುದು. ಹಿಡಿಯಲೇಬೇಕು. ಆದರೆ ಹೆಲ್ಮೆಟ್ ಇಲ್ಲದ ಹುಡುಗನನ್ನು ಜೀಪಿನಲ್ಲಿ ಅಟ್ಟಿಸಿಕೊಂಡು ಹೋದರೆ ಅವನು ಇನ್ನಷ್ಟು ಜೋರಾಗಿ ಓಡಿಸುತ್ತಾನೆ, ಹಿಂದೆ ತಿರುಗಿ ನೋಡುತ್ತಾನೆ, ಎದುರಿನ ಗಾಡಿಗೆ ಗುದ್ದುತ್ತಾನೆ. ಓಣಿಯಲ್ಲಿ ಆಡುವ ಮಗು, ರಸ್ತೆ ದಾಟುವ ಅಜ್ಜಿ, ಜಾತ್ರೆಯ ದಿನಗಳಲ್ಲಿ ಕೊಟ್ಟೂರಿಗೆ ನಡೆದು ಹೊರಟ ಪಾದಯಾತ್ರಿ, ಯಾರು ಬೇಕಾದರೂ ಅದಕ್ಕೆ ಬಲಿಯಾಗಬಹುದು. ಹೆಲ್ಮೆಟ್ ನಿಯಮ ಇರುವುದು ಜೀವ ಉಳಿಸಲು. ಆ ನಿಯಮದ ಹೆಸರಿನಲ್ಲೇ ಜೀವ ಹೋಗುವುದಾದರೆ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ.

ಅಟ್ಟಿಸಿಕೊಂಡು ಹೋಗುವ ಅಗತ್ಯವೂ ಇಲ್ಲ. ಪ್ರತಿ ಗಾಡಿಯ ನಂಬರಿನ ಹಿಂದೆ ಮಾಲಿಕರ ಹೆಸರು, ವಿಳಾಸ ಇರುತ್ತದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮದ ಪ್ರಕಾರ ಕ್ಯಾಮೆರಾ ದಾಖಲೆಯ ಆಧಾರದಲ್ಲೇ ದಂಡದ ನೋಟಿಸ್ ಕಳಿಸಬಹುದು. ತಪ್ಪು ನಡೆದ 15 ದಿನಗಳೊಳಗೆ ಅದನ್ನು ಕಳಿಸಬೇಕು. ಇನ್ನು ಕಳ್ಳತನ, ಅಪಹರಣದಂಥ ದೊಡ್ಡ ಅಪರಾಧ ಮಾಡಿದವರು ಓಡಿಹೋದರೆ? ಕೂಡ್ಲಿಗಿಯ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ನ್ನೇ ನೋಡಿ. ಉತ್ತರಕ್ಕೆ ಹೋದರೆ ಮರಿಯಮ್ಮನಹಳ್ಳಿ ಠಾಣೆ, ದಕ್ಷಿಣಕ್ಕೆ ಹೋದರೆ ಕಾನಾಹೊಸಹಳ್ಳಿ ಠಾಣೆ. ವೈರ್‌ಲೆಸ್ಸಿನಲ್ಲಿ ಒಂದು ಮಾತು ಹೇಳಿದರೆ ಮುಂದಿನ ಠಾಣೆಯವರು ಸಜ್ಜಾಗಿ ನಿಲ್ಲುತ್ತಾರೆ.

ನಿಲ್ಲುವುದು ನಮ್ಮ ಕರ್ತವ್ಯ

ಪೊಲೀಸರು ಬೆನ್ನಟ್ಟಬಾರದು ಎಂದ ಮಾತ್ರಕ್ಕೆ ನಾವು ನಿಲ್ಲದೆ ಹೋಗಬಹುದು ಎಂದು ಅರ್ಥವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 119ನೇ ಕಲಂ ಪ್ರಕಾರ ಸಂಚಾರ ನಿಯಂತ್ರಿಸುವ ಪೊಲೀಸ್ ಅಧಿಕಾರಿಯ ಸೂಚನೆಯನ್ನು ಚಾಲಕರು ಪಾಲಿಸಬೇಕು. 130ನೇ ಕಲಂ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಚಾಲನಾ ಪರವಾನಗಿ ತೋರಿಸಬೇಕು. ಸಮವಸ್ತ್ರ ಎಂಬ ಶಬ್ದವನ್ನು ಗಮನಿಸಿ. ಮಫ್ತಿಯಲ್ಲಿ ಬಂದು ಡಿಎಲ್ ಕೇಳುವವರಿಗೆ ಈ ಕಲಂ ಅನ್ವಯಿಸುವುದಿಲ್ಲ.

ಆರ್‌ಸಿ, ವಿಮೆ ಪತ್ರ ಆ ಹೊತ್ತಿಗೆ ಜೊತೆಯಲ್ಲಿ ಇಲ್ಲದಿದ್ದರೆ ಗಾಬರಿಯಾಗಬೇಕಿಲ್ಲ. ಕೇಳಿದ ದಿನದಿಂದ 15 ದಿನಗಳೊಳಗೆ ದೃಢೀಕರಿಸಿದ ಪ್ರತಿಗಳನ್ನು ಒಪ್ಪಿಸಲು ಇದೇ ಕಲಂನಲ್ಲಿ ಅವಕಾಶವಿದೆ. 2018ರಿಂದ ಡಿಜಿಲಾಕರ್ ಮತ್ತು ಎಂ-ಪರಿವಾಹನ್ ಆ್ಯಪ್‌ಗಳಲ್ಲಿರುವ ದಾಖಲೆಗಳಿಗೂ ಕಾಗದದ ದಾಖಲೆಗಳಷ್ಟೇ ಬೆಲೆಯಿದೆ. ಆದರೆ ಕಾಗದದ ಫೋಟೋ ತೆಗೆದು ಮೊಬೈಲಿನ ಗ್ಯಾಲರಿಯಲ್ಲಿ ಇಟ್ಟುಕೊಂಡರೆ ಸಾಲದು. ಆ ಆ್ಯಪ್‌ನಲ್ಲೇ ಇರಬೇಕು.

ಪರವಾನಗಿ ಇಲ್ಲದೆ ಅಥವಾ ನೋಂದಣಿ ಇಲ್ಲದೆ ಓಡಿಸುತ್ತಿದ್ದರೆ 207ನೇ ಕಲಂ ಪ್ರಕಾರ ಗಾಡಿಯನ್ನು ವಶಪಡಿಸಿಕೊಳ್ಳುವ ಅಧಿಕಾರ ಪೊಲೀಸರಿಗಿದೆ. ಡಿಎಲ್ಲನ್ನು ಇಟ್ಟುಕೊಂಡರೆ 206ನೇ ಕಲಂ ಪ್ರಕಾರ ಅದಕ್ಕೆ ಸ್ವೀಕೃತಿ ಪತ್ರ ಕೊಡಬೇಕು. ದಂಡ ಕಟ್ಟಿದರೆ ರಸೀದಿ ಪಡೆಯಿರಿ. ರಸೀದಿ ಇಲ್ಲದೆ ಕೈ ಬದಲಾದ ಹಣ ಸರಕಾರಕ್ಕೆ ಸೇರುವುದಿಲ್ಲ. "ಕಡಿಮೆಯಲ್ಲಿ ಮುಗಿಯಿತಲ್ಲ" ಎಂದು ಸಂತೋಷಪಡುವವರು ಮರುದಿನ ಮತ್ತೊಬ್ಬರ ಜೇಬಿಗೆ ಕೈ ಹಾಕಲು ದಾರಿ ಮಾಡಿಕೊಟ್ಟಂತಾಯಿತು.

ಗಾಡಿ ಅಮ್ಮಿಯ ಹೆಸರಿನಲ್ಲಿದ್ದರೆ

ಹುಡುಗರು ಪೊಲೀಸರನ್ನು ಕಂಡರೆ ಏಕೆ ಓಡುತ್ತಾರೆ? ತರಗತಿಯಲ್ಲಿ ಮಕ್ಕಳನ್ನು ಕೇಳಿದರೆ ಬರುವ ಉತ್ತರ ಒಂದೇ: "ಲೈಸನ್ಸ್ ಇಲ್ಲ." ಕೆಲವರು ಇನ್ನೊಂದು ಮಾತು ಸೇರಿಸುತ್ತಾರೆ: "ಗಾಡಿ ಅಮ್ಮಿ ಹೆಸರಲ್ಲಿದೆ, ಅಮ್ಮಿಗೆ ಏನೂ ಮಾಡಲ್ಲ." ಈ ನಂಬಿಕೆ ಪೂರಾ ತಪ್ಪು.

2019ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ 199ಎ ಎಂಬ ಕಲಂ ಸೇರಿತು. 18 ತುಂಬದವರು ಗಾಡಿ ಓಡಿಸಿ ತಪ್ಪೆಸಗಿದರೆ ಪೋಷಕರು ಅಥವಾ ಮಾಲಿಕರೇ ತಪ್ಪಿತಸ್ಥರು ಎಂದು ಅದು ಹೇಳುತ್ತದೆ. ಶಿಕ್ಷೆ 3 ವರ್ಷಗಳವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳ ಕಾಲ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್ಲಾಗಲಿ ಡಿಎಲ್ಲಾಗಲಿ ಸಿಗದು. "ನನಗೆ ಗೊತ್ತೇ ಇರಲಿಲ್ಲ" ಎಂದರೆ ಸಾಲದು, ಅದನ್ನು ನ್ಯಾಯಾಲಯದಲ್ಲಿ ನಾವೇ ಸಾಬೀತುಪಡಿಸಬೇಕು. ದಿನಾ ಟ್ಯೂಷನ್ನಿಗೆ ಸ್ಕೂಟಿ ಕೀಲಿ ಕೊಟ್ಟು ಕಳಿಸುವ ತಾಯಿ ಏನೆಂದು ಸಾಬೀತುಪಡಿಸಿಯಾಳು?

16 ವರ್ಷಕ್ಕೆ ಪರವಾನಗಿ ಸಿಗುತ್ತದಲ್ಲ ಎನ್ನುವವರಿದ್ದಾರೆ. ಅದು 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ ಮಾತ್ರ. ನಮ್ಮ ಮನೆಗಳ ಮುಂದೆ ನಿಂತಿರುವ ಪೆಟ್ರೋಲ್ ಸ್ಕೂಟಿಗಳು ಸಾಮಾನ್ಯವಾಗಿ ನೂರು ಸಿಸಿಗೂ ಮೇಲ್ಪಟ್ಟವು.

ಅಪಘಾತವಾದರೆ ಹೊರೆ ಇನ್ನೂ ದೊಡ್ಡದು. ಮಾಲಿಕರು ಗೊತ್ತಿದ್ದೂ ಪರವಾನಗಿ ಇಲ್ಲದವರ ಕೈಗೆ ಗಾಡಿ ಕೊಟ್ಟಿದ್ದರೆ, ವಿಮಾ ಕಂಪೆನಿ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಮಾಲಿಕರಿಂದ ವಸೂಲಿ ಮಾಡಿಕೊಳ್ಳಬಹುದು. ಸುಪ್ರೀಂ ಕೋರ್ಟು 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಇದನ್ನು ವಿವರಿಸಿದೆ. ಪರಿಹಾರದ ಮೊತ್ತ ಲಕ್ಷಗಳಲ್ಲಿ ಇರುತ್ತದೆ. ಮನೆಯ ಹೆಣ್ಣುಮಗಳ ಹೆಸರಿನಲ್ಲಿ ಗಾಡಿ ಮಾಡಿಸುವಾಗ ಯಾರೂ ಅವಳಿಗೆ ಈ ಹೊಣೆಯ ಬಗ್ಗೆ ಹೇಳುವುದಿಲ್ಲ.

ಹೆಣ್ಣುಮಕ್ಕಳು ತಿಳಿದಿರಬೇಕಾದದ್ದು

ಸ್ಕಾರ್ಫ್ ಅಥವಾ ಬುರ್ಖಾ ಹೆಲ್ಮೆಟಿಗೆ ಬದಲಿಯಲ್ಲ. ಕಾಯ್ದೆಯ 129ನೇ ಕಲಂನಲ್ಲಿ ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ವಿನಾಯಿತಿ ಇದೆ. ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಸ್ಕಾರ್ಫ್ ಧರಿಸಿ ಅದರ ಮೇಲೆ ಸರಿಯಾಗಿ ಕೂರುವ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿಯಿರಿ. ಹೆಲ್ಮೆಟ್ ಇಲ್ಲದ್ದಕ್ಕೆ ಕೇಂದ್ರದ ತಿದ್ದುಪಡಿ 1,000 ರೂಪಾಯಿ ದಂಡ ವಿಧಿಸಿತ್ತು. ಕರ್ನಾಟಕ ಸರಕಾರ 2019ರ ಸೆಪ್ಟೆಂಬರಿನಲ್ಲಿ ಅದನ್ನು 500ಕ್ಕೆ ಇಳಿಸಿತು. ಐನೂರು ರೂಪಾಯಿಗೆ ಹೆದರಿ ಮಗುವನ್ನು ಹಿಂದೆ ಕೂರಿಸಿಕೊಂಡು ಓಣಿ ಓಣಿ ಸುತ್ತುವುದು ಜಾಣತನವಲ್ಲ.

ಪರವಾನಗಿಯ ಫೋಟೋದೊಂದಿಗೆ ಮುಖ ಹೋಲಿಸಬೇಕು ಎಂದು ಅಧಿಕಾರಿ ಹೇಳಿದರೆ ವಾದಕ್ಕಿಳಿಯದೆ "ಮಹಿಳಾ ಸಿಬ್ಬಂದಿಯನ್ನು ಕರೆಸಿ ಸರ್, ತೋರಿಸುತ್ತೇನೆ" ಎಂದು ವಿನಯದಿಂದ ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಮಹಿಳೆಯ ದೇಹ ತಪಾಸಣೆಯನ್ನು ಮಹಿಳೆಯೇ, ಮರ್ಯಾದೆಗೆ ಕುಂದು ಬಾರದಂತೆ ಮಾಡಬೇಕು. ವಿಶೇಷ ಸಂದರ್ಭಗಳನ್ನು ಬಿಟ್ಟರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭದಲ್ಲಿಯೂ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಅಪಘಾತ ಕಂಡ ಸಾಕ್ಷಿ ಎಂದು ಮಹಿಳೆಯ ಹೇಳಿಕೆ ಬೇಕಿದ್ದರೆ ಅವಳನ್ನು ಠಾಣೆಗೆ ಕರೆಸಬಾರದು, ಅವಳ ಮನೆಯಲ್ಲೇ ವಿಚಾರಿಸಬೇಕು.

ಅನ್ಯಾಯವಾದರೆ ಏನು ಮಾಡಬೇಕು?

ಪೊಲೀಸರು ಕೀಲಿ ಕಿತ್ತುಕೊಂಡರೆ, ಹೊಡೆದರೆ, ರಸೀದಿ ಕೊಡದೆ ಹಣ ಕೇಳಿದರೆ ರಸ್ತೆಯಲ್ಲಿ ಕೈ ಮಿಲಾಯಿಸಬೇಡಿ. ಕರ್ತವ್ಯದಲ್ಲಿರುವ ನೌಕರನ ಮೇಲೆ ಕೈ ಮಾಡಿದರೆ ದೂರುದಾರರಾಗಬೇಕಾದ ನಾವೇ ಆರೋಪಿಗಳಾಗುತ್ತೇವೆ. 2021ರ ಮಾರ್ಚ್‌ನಲ್ಲಿ ಮೈಸೂರಿನ ರಿಂಗ್ ರಸ್ತೆಯಲ್ಲಿ ವಾಹನ ತಪಾಸಣೆ ನಡೆಯುತ್ತಿದ್ದಾಗ ಬೈಕ್ ಸವಾರನೊಬ್ಬ ಲಾರಿಗೆ ಸಿಕ್ಕಿ ಮೃತಪಟ್ಟ. ಪೊಲೀಸರೇ ಕಾರಣವೆಂದು ಸಿಟ್ಟಿಗೆದ್ದ ಜನ ಅವರನ್ನು ಥಳಿಸಿ ವಾಹನ ಜಖಂಗೊಳಿಸಿದರು. ಸತ್ತವನ ಮನೆಗೆ ಅದರಿಂದ ನ್ಯಾಯ ಸಿಗಲಿಲ್ಲ. ಹಲ್ಲೆ ಮಾಡಿದವರು ಮೊಕದ್ದಮೆ ಎದುರಿಸಬೇಕಾಯಿತು.

ಅದರ ಬದಲು ಸ್ಥಳ, ಸಮಯ, ಅಧಿಕಾರಿಯ ಎದೆಯ ಮೇಲಿನ ಹೆಸರು, ಜೀಪಿನ ನಂಬರ್ ಗುರುತು ಮಾಡಿಕೊಳ್ಳಿ. ಡಿವೈಎಸ್ಪಿ ಕಚೇರಿಗೆ ಅಥವಾ ಹೊಸಪೇಟೆಯಲ್ಲಿರುವ ವಿಜಯನಗರ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ನ್ಯಾಯ ಸಿಗದಿದ್ದರೆ ಪೊಲೀಸ್ ದೂರು ಪ್ರಾಧಿಕಾರ ಮತ್ತು ರಾಜ್ಯ ಮಾನವ ಹಕ್ಕುಗಳ ಆಯೋಗದ ಬಾಗಿಲು ತೆರೆದಿದೆ.

ಕಾಯಿಲೆಯ ಮಗುವನ್ನು ಕರೆದೊಯ್ಯುವಾಗ ಪೊಲೀಸರು ಕೈ ತೋರಿಸಿದರೆ? ವೇಗ ಹೆಚ್ಚಿಸಬೇಡಿ. ಇಂಡಿಕೇಟರ್ ಹಾಕಿ, ನಿಧಾನವಾಗಿ ರಸ್ತೆಯ ಅಂಚಿಗೆ ಬಂದು ನಿಲ್ಲಿಸಿ. ಹಿಂದೆ ಕುಳಿತ ತಾಯಿ ಮಗುವನ್ನು ಎತ್ತಿಕೊಂಡು ಮೊದಲು ಕೆಳಗಿಳಿಯಲಿ. "ಆಸ್ಪತ್ರೆಗೆ ಹೊರಟಿದ್ದೇವೆ, ನಂಬರ್ ಬರೆದುಕೊಳ್ಳಿ, ದಂಡ ಆಮೇಲೆ ಕಟ್ಟುತ್ತೇವೆ" ಎಂದು ಹೇಳಿ. ಪರಿಸ್ಥಿತಿ ಗಂಭೀರವಿದ್ದರೆ ಬೈಕನ್ನೇ ನೆಚ್ಚಿಕೊಳ್ಳದೆ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಕರೆಸುವುದು ಕ್ಷೇಮ. ಪೊಲೀಸ್ ನೆರವಿಗೆ 112 ಇದೆ.

ರಸ್ತೆಯಲ್ಲಿ ಹೇಗೆ ನಿಲ್ಲಬೇಕು, ಹೇಗೆ ನಿಲ್ಲಿಸಬೇಕು ಎಂಬುದನ್ನು ಪೊಲೀಸರಿಗೆ ಅವರ ಅಧಿಕಾರಿಗಳು ಕಲಿಸಲಿ. ನಮ್ಮ ಮಕ್ಕಳಿಗೆ ಕಲಿಸುವುದು ನಮ್ಮ ಪಾಲಿನ ಕೆಲಸ. ಈ ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಮಗನಿಗೆ ಎರಡು ಮಾತು ಹೇಳಿ: ಪರವಾನಗಿ ಬರುವವರೆಗೆ ಕೀಲಿ ಕೇಳಬೇಡ, ಪರವಾನಗಿ ಬಂದ ಮೇಲೆ ಯಾರು ಕೈ ತೋರಿಸಿದರೂ ಓಡಬೇಡ. ದಂಡದ ಹಣವನ್ನು ದುಡಿದು ತುಂಬಬಹುದು. ಮಗನನ್ನು ಎಲ್ಲಿಂದ ತರುವುದು?