ಬೆಳ್ಳಿತೆರೆಯ ‘ಕೆಟ್ಟ ಹುಡುಗ’ ಮತ್ತು ನಮ್ಮ ಮನೆಯ ಮಕ್ಕಳು

ಹದಿಹರೆಯದ ಮಗನೊಬ್ಬ ಶಾಲೆ ತಪ್ಪಿಸಿದರೆ, ಸುಳ್ಳು ಹೇಳಿದರೆ, ಮನೆಯ ಹಣಕ್ಕೆ ಕೈಯಿಟ್ಟರೆ, ಅವನ ಹೆಸರಿನೊಡನೆ ‘ಸಮಸ್ಯೆ’ ಎಂಬ ಪದ ಬಹುಬೇಗನೆ ಅಂಟಿಕೊಳ್ಳುತ್ತದೆ. “ಫಾದರ್, ನಮ್ಮ ಮಗನದೇ ಒಂದು ದೊಡ್ಡ ಸಮಸ್ಯೆ” ಎಂಬ ಮಾತನ್ನು ತಂದೆತಾಯಂದಿರ ಬಾಯಿಂದ ನಾವು ಅನೇಕ ಬಾರಿ ಕೇಳಿದ್ದೇವೆ. ಫ್ರಾನ್ಸಿನ ಕಥೋಲಿಕ ತತ್ತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್ (1889-1973) ಸಮಸ್ಯೆ ಮತ್ತು ರಹಸ್ಯ ಇವೆರಡರ ನಡುವೆ ಒಂದು ಗೆರೆ ಎಳೆದರು. ಸಮಸ್ಯೆಯು ನಮ್ಮೆದುರಿಗೆ, ನಮ್ಮಿಂದ ಹೊರಗೆ ಇರುವಂಥದು. ಕೆಟ್ಟುನಿಂತ ಗಡಿಯಾರದಂತೆ ಅದನ್ನು ಬಿಚ್ಚಿ, ಪರೀಕ್ಷಿಸಿ, ಸರಿಪಡಿಸಬಹುದು. ರಹಸ್ಯವಾದರೋ ನಾವೇ ಒಳಗೆ ಸೇರಿಹೋಗಿರುವಂಥದು. ಹೊರಗೆ ನಿಂತು ಅದನ್ನು ನೋಡಲು ನಮಗೆ ಸ್ಥಳವೇ ಇಲ್ಲ. ಹಾಗಾದರೆ ಮನೆಯ ಮಗು ಇವೆರಡರಲ್ಲಿ ಯಾವುದು? ಈ ಪ್ರಶ್ನೆಯನ್ನು ಕೆಲವು ಚಲನಚಿತ್ರಗಳು ತತ್ತ್ವಶಾಸ್ತ್ರದ ಗ್ರಂಥಗಳಿಗಿಂತಲೂ ತೀಕ್ಷ್ಣವಾಗಿ ಕೇಳಿವೆ. ಅಂಥ ಮೂರು ಚಿತ್ರಗಳನ್ನು ಇಲ್ಲಿ ಪರಿಶೀಲಿಸೋಣ.

ಮೊದಲನೆಯದು, ನಿಕೊಲಸ್ ರೇ ಅವರು ನಿರ್ದೇಶಿಸಿ 1955ರಲ್ಲಿ ತೆರೆಕಂಡ ಅಮೆರಿಕದ ‘ರೆಬೆಲ್ ವಿದೌಟ್ ಎ ಕಾಸ್’. ಇದರ ನಾಯಕನಟ ಜೇಮ್ಸ್ ಡೀನ್ ಚಿತ್ರ ಬಿಡುಗಡೆಯಾಗುವ ಮೊದಲೇ, ಅದೇ ವರ್ಷದ ಸೆಪ್ಟೆಂಬರ್ 30ರಂದು, ತಮ್ಮ 24ನೆಯ ವಯಸ್ಸಿನಲ್ಲಿ ಕಾರು ಅಪಘಾತದಲ್ಲಿ ಮೃತಪಟ್ಟರು. ಕಥೆಯ ಆರಂಭದ ರಾತ್ರಿಯಲ್ಲಿ ಜಿಮ್, ಜೂಡಿ ಮತ್ತು ಪ್ಲೇಟೋ ಎಂಬ ಮೂವರು ಎಳೆಯರು ಒಂದೇ ಪೊಲೀಸ್ ಠಾಣೆಯಲ್ಲಿದ್ದಾರೆ. ಮೂವರೂ ಉಳ್ಳವರ ಮಕ್ಕಳು. ಜಿಮ್ ತೊಂದರೆಗೆ ಸಿಲುಕಿದಾಗಲೆಲ್ಲ ಅವನ ಮನೆಯವರು ಊರು ಬದಲಾಯಿಸುತ್ತಾರೆ. ಗೌರವದ ಪ್ರಶ್ನೆ ಬಂದಾಗ ಏನು ಮಾಡಬೇಕೆಂದು ಮಗ ಕಳಕಳಿಯಿಂದ ಕೇಳಿದರೆ, ಒಳಿತು ಕೆಡುಕುಗಳ ಪಟ್ಟಿ ಮಾಡಿ ತೂಗಿ ನೋಡೋಣ ಎನ್ನುತ್ತಾನೆ ತಂದೆ. ಮಗನಿಗೆ ಬೇಕಾಗಿದ್ದುದು ಒಬ್ಬ ತಂದೆ, ಸಿಕ್ಕಿದ್ದು ಒಂದು ಪಟ್ಟಿ. ಪ್ಲೇಟೋವಿಗೆ ಅಷ್ಟೂ ಇಲ್ಲ. ದೂರವಿರುವ ತಂದೆಯಿಂದ ಅವನಿಗೆ ಬರುವುದು ಹಣದ ಚೆಕ್ ಮಾತ್ರ.

ಠಾಣೆಯಲ್ಲಿ ಒಬ್ಬ ಅಧಿಕಾರಿ ಜಿಮ್‌ನ ಮಾತನ್ನು ತಾಳ್ಮೆಯಿಂದ ಕೇಳುತ್ತಾನೆ. ಯಾವ ಹೊತ್ತಿನಲ್ಲಾದರೂ ತನ್ನ ಬಳಿಗೆ ಬರಬಹುದೆಂದು ಹೇಳಿ ಕಳುಹಿಸುತ್ತಾನೆ. ಮುಂದೆ ಕಾರುಗಳ ಹುಚ್ಚು ಪಂದ್ಯದಲ್ಲಿ ಸಹಪಾಠಿಯೊಬ್ಬ ಸತ್ತ ರಾತ್ರಿ ಜಿಮ್ ಅವನನ್ನೇ ಹುಡುಕಿಕೊಂಡು ಠಾಣೆಗೆ ಓಡುತ್ತಾನೆ. ಅಧಿಕಾರಿ ಆಗ ಅಲ್ಲಿಲ್ಲ. ಬೆಳಗಾಗುವುದರೊಳಗೆ ಪ್ಲೇಟೋ ಪೊಲೀಸರ ಗುಂಡಿಗೆ ಬಲಿಯಾಗುತ್ತಾನೆ. ಅವನ ಕೈಯಲ್ಲಿದ್ದ ಪಿಸ್ತೂಲಿನಿಂದ ಗುಂಡುಗಳನ್ನು ಜಿಮ್ ಆ ಮೊದಲೇ ತೆಗೆದಿಟ್ಟಿರುತ್ತಾನೆ.

ಈ ಚಿತ್ರದ ಒಂದು ದೋಷವನ್ನೂ ಹೇಳಲೇಬೇಕು. ಅಸ್ವಸ್ಥಳಾದ ಹೆಂಡತಿಗೆ ಊಟದ ತಟ್ಟೆ ಒಯ್ಯಲು ಏಪ್ರನ್ ಕಟ್ಟಿಕೊಂಡ ತಂದೆಯನ್ನು ಅದು ದುರ್ಬಲನೆಂಬಂತೆ ತೋರಿಸುತ್ತದೆ. ಹೆಂಡತಿಯ ಸೇವೆ ಮಾಡುವುದು ಗಂಡಸಿನ ದೌರ್ಬಲ್ಯವೆಂದು ನಾವು ಒಪ್ಪಲಾರೆವು. ಆ ತಂದೆಯ ಕೊರತೆ ಇದ್ದುದು ಅವನು ಕಟ್ಟಿಕೊಂಡ ಬಟ್ಟೆಯಲ್ಲಲ್ಲ, ಮಗನಿಗೆ ಕೊಡದೆ ಉಳಿಸಿಕೊಂಡ ಉತ್ತರದಲ್ಲಿ.

ಎರಡನೆಯ ಚಿತ್ರ ಫ್ರಾನ್ಸಿನದು. 1959ರಲ್ಲಿ ಫ್ರಾನ್ಸ್ವಾ ತ್ರೂಫೋ ನಿರ್ದೇಶಿಸಿದ ಈ ಚಿತ್ರದ ಹೆಸರಿಗೆ ಅಕ್ಷರಶಃ ‘ನಾನೂರು ಹೊಡೆತಗಳು’ ಎಂದರ್ಥ. ಆದರೆ ಫ್ರೆಂಚ್ ಭಾಷೆಯ ಆ ನುಡಿಗಟ್ಟು ಹೊಡೆತವನ್ನು ಸೂಚಿಸುವುದಿಲ್ಲ, ಅಂಕೆಯಿಲ್ಲದ ಪುಂಡಾಟವನ್ನು ಸೂಚಿಸುತ್ತದೆ. ಪ್ಯಾರಿಸ್ಸಿನ ಇಕ್ಕಟ್ಟಾದ ಮನೆಯಲ್ಲಿ ತಾಯಿ ಮತ್ತು ಮಲತಂದೆಯ ಜೊತೆಗಿರುವ ಆಂತ್ವಾನ್ ಎಂಬ ಹುಡುಗನ ಕಥೆಯಿದು. ಅವನಿಗೆ ಪ್ರತ್ಯೇಕ ಕೋಣೆಯಿಲ್ಲ. ಬಾಗಿಲ ಬಳಿಯ ಕಿರಿದಾದ ಜಾಗದಲ್ಲಿ ಮಲಗುತ್ತಾನೆ. ಶಾಲೆಗೆ ಬಾರದ ಕಾರಣವನ್ನು ಉಪಾಧ್ಯಾಯರು ಕೇಳಿದಾಗ, ತನ್ನ ತಾಯಿ ಸತ್ತಳೆಂದುಬಿಡುತ್ತಾನೆ. ಆ ಸುಳ್ಳಿನ ಹಿಂದೆ ಒಂದು ಸತ್ಯವಿದೆ. ಹಿಂದಿನ ದಿನ ಅವನು ಬೀದಿಯಲ್ಲಿ ತಾಯಿಯನ್ನು ಪರಪುರುಷನ ತೋಳುಗಳಲ್ಲಿ ಕಂಡಿದ್ದನು. ಮುಂದೆ ಮಲತಂದೆಯ ಕಚೇರಿಯಿಂದ ಬೆರಳಚ್ಚು ಯಂತ್ರವನ್ನು ಕದಿಯುತ್ತಾನೆ. ಮಾರಲಾಗದೆ ಹಿಂದಿರುಗಿಸಲು ಹೋದಾಗ ಸಿಕ್ಕಿಬೀಳುತ್ತಾನೆ. ಮಲತಂದೆಯೇ ಅವನನ್ನು ಪೊಲೀಸರಿಗೆ ಒಪ್ಪಿಸುತ್ತಾನೆ. ಕೊನೆಗೆ ಬಾಲಕರ ಸುಧಾರಣಾ ಕೇಂದ್ರದಿಂದ ತಪ್ಪಿಸಿಕೊಂಡು, ತಾನೆಂದೂ ಕಾಣದಿದ್ದ ಸಮುದ್ರದವರೆಗೂ ಓಡುತ್ತಾನೆ. ಅಲ್ಲಿಂದ ಮುಂದೆ ಓಡಲು ನೆಲವಿಲ್ಲ. ಅವನು ತಿರುಗಿ ನಮ್ಮ ಕಡೆಗೆ ನೋಡುತ್ತಾನೆ. ಆ ಮುಖ ತೆರೆಯ ಮೇಲೆ ಹಾಗೆಯೇ ನಿಂತುಬಿಡುತ್ತದೆ.

ಇದು ಬಹುಪಾಲು ತ್ರೂಫೋ ಅವರ ಸ್ವಂತ ಬಾಲ್ಯ. ಅವರೂ ಬೆರಳಚ್ಚು ಯಂತ್ರ ಕದ್ದವರು, ಮಲತಂದೆಯ ಕೈಯಿಂದಲೇ ಪೊಲೀಸರ ವಶಕ್ಕೆ ಹೋದವರು. ಅವರನ್ನು ಕೈಹಿಡಿದು ಎತ್ತಿದವರು ಆಂದ್ರೆ ಬಾಜಾಂ ಎಂಬ ಕಥೋಲಿಕ ಚಿತ್ರವಿಮರ್ಶಕರು. ಚಿತ್ರೀಕರಣ ಆರಂಭವಾದ ಹೊಸತರಲ್ಲೇ, 1958ರ ನವೆಂಬರ್ 11ರಂದು, ಬಾಜಾಂ 40ನೆಯ ವಯಸ್ಸಿನಲ್ಲಿ ತೀರಿಕೊಂಡರು. ಚಿತ್ರವನ್ನು ಅವರ ಸ್ಮರಣೆಗೆ ಅರ್ಪಿಸಲಾಗಿದೆ. 1959ರ ಕಾನ್ ಚಿತ್ರೋತ್ಸವದಲ್ಲಿ ತ್ರೂಫೋ ಅವರಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ದೊರೆಯಿತು. ಅಂತರರಾಷ್ಟ್ರೀಯ ಕಥೋಲಿಕ ಚಲನಚಿತ್ರ ಸಂಸ್ಥೆಯ ಪ್ರಶಸ್ತಿಯೂ ಇದೇ ಚಿತ್ರಕ್ಕೆ ಸಂದಿತು. ಕದಿಯುವ, ಸುಳ್ಳು ಹೇಳುವ ಹುಡುಗನ ಕಥೆಯನ್ನು ನಮ್ಮವರೇ ಗೌರವಿಸಿದರೆಂಬುದು ಗಮನಾರ್ಹ.

ಆದರೆ ಈ ಕಥೆಗೆ ಇನ್ನೊಂದು ಮುಖವೂ ಉಂಟು. ಚಿತ್ರ ಬಂದಾಗ ತ್ರೂಫೋ ಅವರ ತಂದೆತಾಯಂದಿರು ಬಹಳವಾಗಿ ನೊಂದುಕೊಂಡರು. ತಮ್ಮ ಮನೆಯ ಒಳಗನ್ನು ಮಗನೇ ಲೋಕದ ಮುಂದೆ ತೆರೆದಿಟ್ಟನೆಂಬ ಸಂಕಟ ಅವರದು. ಚಲನಚಿತ್ರದ ಕ್ಯಾಮೆರಾ ಮಗುವಿನ ಪಕ್ಕದಲ್ಲಿ ನಿಂತಾಗ ತಂದೆತಾಯಂದಿರ ಬಡತನ, ದಣಿವು, ಅವರ ಹಳೆಯ ಗಾಯಗಳು ಮಸುಕಾಗಿ ಕಾಣುವುದು ಸಹಜ. ಆದಕಾರಣ ಇಂಥ ಚಿತ್ರವನ್ನು ನಾವು ನ್ಯಾಯಾಲಯದ ತೀರ್ಪೆಂದು ಎಣಿಸಬಾರದು. ಅದು ಒಬ್ಬ ಸಾಕ್ಷಿಯ ಹೇಳಿಕೆ. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದೆ ಉಳಿದ ಹೇಳಿಕೆಯಾದ್ದರಿಂದಲೇ ಅದಕ್ಕೆ ಬೆಲೆ ಹೆಚ್ಚು.

ಮೂರನೆಯದು, ಬೆಲ್ಜಿಯಂನ ಜಾನ್-ಪಿಯೇರ್ ಮತ್ತು ಲುಕ್ ದಾರ್ದೆನ್ ಸಹೋದರರ ‘ದಿ ಕಿಡ್ ವಿತ್ ಎ ಬೈಕ್’. 2011ರ ಕಾನ್ ಚಿತ್ರೋತ್ಸವದಲ್ಲಿ ಇದು ಎರಡನೆಯ ಅತ್ಯುನ್ನತ ಪ್ರಶಸ್ತಿಯನ್ನು ಇನ್ನೊಂದು ಚಿತ್ರದೊಡನೆ ಹಂಚಿಕೊಂಡಿತು. ಹದಿಹರೆಯದ ಹೊಸ್ತಿಲಲ್ಲಿರುವ ಸಿರಿಲ್‌ನನ್ನು ತಂದೆ ಮಕ್ಕಳ ಆಶ್ರಮದಲ್ಲಿ ಬಿಟ್ಟು, ಅವನ ಸೈಕಲನ್ನೂ ಮಾರಿ, ಹೇಳದೆ ಹೊರಟುಹೋಗಿದ್ದಾನೆ. ಸಮಂತಾ ಎಂಬ ಕೇಶವಿನ್ಯಾಸಕಿ ಆ ಸೈಕಲನ್ನು ಕೊಂಡು ತಂದುಕೊಡುತ್ತಾಳೆ. ವಾರದ ಕೊನೆಯ ದಿನಗಳಲ್ಲಿ ಅವನನ್ನು ತನ್ನ ಮನೆಗೆ ಕರೆದೊಯ್ಯುತ್ತಾಳೆ. ಹುಡುಗ ಕೃತಜ್ಞನಾಗಿರುವುದಿಲ್ಲ. ಪುಂಡನೊಬ್ಬನ ಸಹವಾಸಕ್ಕೆ ಬಿದ್ದು, ತಡೆಯಲು ಬಂದ ಸಮಂತಾಳ ತೋಳಿಗೇ ಕತ್ತರಿಯಿಂದ ಇರಿದು ಓಡಿಹೋಗಿ, ದರೋಡೆಗೂ ಕೈಹಾಕುತ್ತಾನೆ. ಆದರೂ ಅವನು ಹಿಂದಿರುಗಿ ಬಂದಾಗ ಅವಳ ಮನೆಯ ಬಾಗಿಲು ತೆರೆಯುತ್ತದೆ. ಅವನ ತಪ್ಪನ್ನು ಅವಳು ಮುಚ್ಚಿಡುವುದಿಲ್ಲ. ಪೆಟ್ಟು ತಿಂದವನ ಮುಂದೆ ಅವನನ್ನು ಕರೆದೊಯ್ದು ಕ್ಷಮೆ ಕೇಳಿಸುತ್ತಾಳೆ, ನಷ್ಟವನ್ನು ತಾನೇ ಭರಿಸಲು ಒಪ್ಪುತ್ತಾಳೆ. ಆಂತ್ವಾನನಿಗೂ ಸಿರಿಲನಿಗೂ ಇರುವ ಅಂತರ ಗುಣದ್ದಲ್ಲ. ಒಬ್ಬನಿಗೆ ಕೈಬಿಡದ ಹಿರಿಯರೊಬ್ಬರು ದೊರೆತರು, ಇನ್ನೊಬ್ಬನಿಗೆ ದೊರೆಯಲಿಲ್ಲ.

ಈಗ ಮಾರ್ಸೆಲ್ ಅವರ ಮಾತಿಗೆ ಮರಳೋಣ. ಊರು ಬದಲಾಯಿಸಿದವರು, ಪಟ್ಟಿ ಮಾಡಿದವರು, ಠಾಣೆಗೆ ಒಪ್ಪಿಸಿದವರು, ಇವರೆಲ್ಲರೂ ಮಗುವನ್ನು ತಮ್ಮಿಂದ ಹೊರಗಿರುವ ಸಮಸ್ಯೆಯೆಂದು ಕಂಡರು. ಸಮಂತಾ ಮಾತ್ರ ಅದರೊಳಗೆ ಕಾಲಿಟ್ಟಳು, ಗಾಯವನ್ನೂ ಪಡೆದಳು. ಕುಟುಂಬವೆಂದರೆ ಹಾಗೆ ಒಳಗೆ ಬಂದು ನಿಲ್ಲುವುದು. ತಪ್ಪನ್ನು ತಪ್ಪೆಂದು ಹೇಳುವುದೂ, ಹೇಳಿದ ಮೇಲೆ ಬಿಟ್ಟುಹೋಗದಿರುವುದೂ ಅದರಲ್ಲಿ ಸೇರಿವೆ.

ಇಂದು ಹೆಚ್ಚಿನ ಮಕ್ಕಳು ಚಿತ್ರಗಳನ್ನು ಕೋಣೆಯ ಮೂಲೆಯಲ್ಲಿ, ಅಂಗೈಯಗಲದ ಮೊಬೈಲಿನಲ್ಲಿ ಒಬ್ಬೊಬ್ಬರಾಗಿ ನೋಡುತ್ತಾರೆ. ಈ ಚಿತ್ರಗಳು ತೀರ ಎಳೆಯ ಮಕ್ಕಳಿಗೆ ತಕ್ಕವಲ್ಲ. ಆದರೆ ಹದಿಹರೆಯದವರೊಡನೆ ಕುಳಿತು ಒಂದನ್ನಾದರೂ ನೋಡಿರಿ. ಮುಗಿದ ಮೇಲೆ ‘ನೋಡು, ಕೆಟ್ಟ ಹುಡುಗರ ಗತಿ’ ಎಂದು ಉಪದೇಶಿಸುವುದು ಬೇಡ. ‘ಈ ಹುಡುಗ ಯಾವ ಗಳಿಗೆಯಲ್ಲಿ ಬಾಯಿಬಿಡಬೇಕೆಂದಿದ್ದ? ಆಗ ಅವನ ಬಳಿ ಯಾರಿರಬೇಕಿತ್ತು?’ ಎಂದು ಕೇಳಿರಿ. ಬರುವ ಉತ್ತರವು ಚಿತ್ರದ್ದಾಗಿರದೆ ನಿಮ್ಮ ಮನೆಯದೇ ಆಗಿರಬಹುದು. ಸಿಟ್ಟಾಗದೆ ಕೇಳಿಸಿಕೊಳ್ಳಿರಿ.

ಜಿಮ್ ಹುಡುಕಿಕೊಂಡು ಹೋದ ರಾತ್ರಿ ಆ ಅಧಿಕಾರಿ ಠಾಣೆಯಲ್ಲಿರಲಿಲ್ಲ. ನಮ್ಮ ಮಕ್ಕಳು ನಮ್ಮನ್ನು ಹುಡುಕಿಕೊಂಡು ಬರುವ ರಾತ್ರಿ ನಾವು ಮನೆಯಲ್ಲಿರೋಣ, ಎಚ್ಚರವಾಗಿರೋಣ.