ಮೂಕವಾದ ಕೀಗಳ ಕೆಳಗೆ

ವೀಣೆಯ ಮೇಣ ಸಡಿಲವಾದರೆ ಮತ್ತೆ ಮೇಳ ಕಟ್ಟಿಸುತ್ತೇವೆ. ಹಾರ್ಮೋನಿಯಂನ ತಿದಿ ಹರಿದರೆ ಹೊಸ ತಿದಿ ಹಾಕಿಸುತ್ತೇವೆ. ಎಲೆಕ್ಟ್ರಾನಿಕ್ ಕೀಬೋರ್ಡಿನ ನಾಲ್ಕು ಕೀಗಳು ಮೂಕವಾದರೆ ಮಾತ್ರ ಅದು ನೇರವಾಗಿ ಅಟ್ಟ ಸೇರುತ್ತದೆ, ಇಲ್ಲವೇ ಗುಜರಿಗೆ ಹೋಗುತ್ತದೆ. ಮರದ ಪಿಯಾನೋವನ್ನು ವರ್ಷಕ್ಕೆ ಒಂದೆರಡು ಸಲವಾದರೂ ಶ್ರುತಿ ಮಾಡಿಸಬೇಕು. ಕೀಬೋರ್ಡಿಗೆ ಆ ಗೋಜಿಲ್ಲ. ಶ್ರುತಿ ಕೆಡದ ವಾದ್ಯಕ್ಕೆ ಆರೈಕೆಯೂ ಬೇಡ ಎಂಬ ನಂಬಿಕೆ ಅಲ್ಲಿಂದಲೇ ಬೆಳೆದಿರಬೇಕು. ಕೆಟ್ಟಾಗಲೂ ಅದನ್ನು ವಾದ್ಯವೆಂದು ನೋಡದೆ, ಒಳಗಿನ ಚಿಪ್ಪು ಸುಟ್ಟ ಟಿವಿಯನ್ನು ನೋಡುವಂತೆ ನೋಡುತ್ತೇವೆ. ಆದರೆ ಕೀಬೋರ್ಡು ಅರ್ಧ ಎಲೆಕ್ಟ್ರಾನಿಕ್ಸ್, ಅರ್ಧ ಯಂತ್ರ. ಬೆರಳಿನ ಪೆಟ್ಟು ತಿನ್ನುವುದು ಯಂತ್ರದ ಭಾಗ, ಹೆಚ್ಚಾಗಿ ಕೆಡುವುದೂ ಅದೇ. ಅದು ಬಿಚ್ಚಿ, ಒರೆಸಿ, ಬದಲಿಸಿ ಸರಿಮಾಡಬಹುದಾದ ಭಾಗ.

ಒಂದು ಕೀ ಒತ್ತಿದಾಗ ಏನಾಗುತ್ತದೆ ಎಂಬುದನ್ನು ತಿಳಿದರೆ ಇದು ಸ್ಪಷ್ಟವಾಗುತ್ತದೆ. ಕೀಗಳ ಕೆಳಗೆ ಉದ್ದನೆಯ ರಬ್ಬರ್ ಪಟ್ಟಿ ಇರುತ್ತದೆ. ಅದರಲ್ಲಿ ಪ್ರತಿ ಕೀಗೂ ಗುಳ್ಳೆಯಂತೆ ಉಬ್ಬಿದ ಜಾಗ, ಆ ಗುಳ್ಳೆಯ ಒಳಗೆ ಇಂಗಾಲ ಬೆರೆಸಿದ ಎರಡು ಪುಟ್ಟ ಕಪ್ಪು ಬಿಲ್ಲೆಗಳು. ಕೀ ಕೆಳಗಿಳಿದಂತೆ ಈ ಬಿಲ್ಲೆಗಳು ಒಂದರ ಹಿಂದೆ ಒಂದು ಬೋರ್ಡಿನ ಮೇಲಿನ ಗೆರೆಗಳನ್ನು ಮುಟ್ಟುತ್ತವೆ. ಎರಡು ಸ್ಪರ್ಶಗಳ ನಡುವಿನ ಕೆಲವೇ ಮಿಲಿಸೆಕೆಂಡುಗಳ ಅಂತರವನ್ನು ವಾದ್ಯ ಅಳೆಯುತ್ತದೆ. ಅಂತರ ಕಡಿಮೆಯಿದ್ದರೆ ಬೆರಳು ಜೋರಾಗಿ ಬಿದ್ದಿದೆ ಎಂದು ತಿಳಿದು ಗಟ್ಟಿ ಸ್ವರ ಕೊಡುತ್ತದೆ, ಹೆಚ್ಚಿದ್ದರೆ ಮೆಲುದನಿ. 61 ಕೀಗಳ ವಾದ್ಯದಲ್ಲಿ ಇಂಥ 122 ಸ್ಪರ್ಶಬಿಂದುಗಳು, 88 ಕೀಗಳದ್ದರಲ್ಲಿ 176. ಕೆಲವು ಡಿಜಿಟಲ್ ಪಿಯಾನೋಗಳಲ್ಲಿ ಪ್ರತಿ ಕೀಗೂ ಮೂರು ಸೆನ್ಸರ್ ಇರುವುದರಿಂದ ಆ ಎಣಿಕೆ 264ಕ್ಕೆ ಏರುತ್ತದೆ. ಇವುಗಳಲ್ಲಿ ಒಂದರ ಮೇಲೆ ಧೂಳಿನ ಎಳೆಯೋ ಜಿಡ್ಡೋ ಕೂತರೆ ಸಾಕು: ಆ ಕೀ ಮೂಕವಾಗುತ್ತದೆ, ಅಥವಾ ಎಷ್ಟು ಮೃದುವಾಗಿ ಮುಟ್ಟಿದರೂ ಕಿರುಚುತ್ತದೆ. ಸಾವಿರಾರು ರೂಪಾಯಿಯ ವಾದ್ಯವನ್ನು ಮೂಲೆಗೆ ತಳ್ಳಿಸುವುದು ಎಷ್ಟೋ ಸಲ ಈ ಧೂಳು ಮಾತ್ರ.

ದೋಷ ಯಾವ ರೀತಿ ಹರಡಿದೆ ಎಂಬುದೇ ಅದರ ಮೂಲವನ್ನು ಹೇಳುತ್ತದೆ. ಅಲ್ಲೊಂದು ಇಲ್ಲೊಂದು ಕೀ ತೊಂದರೆ ಕೊಟ್ಟರೆ ಮೊದಲು ರಬ್ಬರಿನ ಮೇಲೆ ಅನುಮಾನ ಪಡಬೇಕು. ಬೋರ್ಡಿನಲ್ಲಿ ಕೀಗಳನ್ನು ಸಾಲು-ಕಂಬಗಳ ಜಾಲವಾಗಿ ಜೋಡಿಸಿರುತ್ತಾರೆ. ಹಾಗಾಗಿ ಒಂದೇ ಅಂತರದಲ್ಲಿ, ಉದಾಹರಣೆಗೆ ಪ್ರತಿ ಎಂಟನೆಯ ಕೀ ಸತ್ತಿದ್ದರೆ, ರಬ್ಬರನ್ನು ಎಷ್ಟು ಒರೆಸಿದರೂ ಪ್ರಯೋಜನವಿಲ್ಲ, ಕೇಬಲ್ಲನ್ನೋ ತುಂಡಾದ ಗೆರೆಯನ್ನೋ ಹುಡುಕಬೇಕು. ಸ್ಪೀಕರಿನಿಂದ ಸದ್ದೇ ಬಾರದೆ ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳಿಸುತ್ತಿದ್ದರೆ ಆಂಪ್ಲಿಫೈಯರ್ ಹೋಯಿತೆಂದು ಕೈಚೆಲ್ಲಬೇಕಿಲ್ಲ. ಹೆಡ್‌ಫೋನ್ ಸಿಕ್ಕಿಸಿದಾಗ ಸ್ಪೀಕರ್ ನಿಲ್ಲಿಸುವ ಪುಟ್ಟ ಸ್ವಿಚ್ಚು ಆ ಜ್ಯಾಕಿನೊಳಗೇ ಇರುತ್ತದೆ. ಅದು ಕಿಲುಬು ಹಿಡಿದರೆ ಹೆಡ್‌ಫೋನ್ ತೆಗೆದ ಮೇಲೂ ಸ್ಪೀಕರ್ ಸುಮ್ಮನಿರುತ್ತದೆ. ಸಸ್ಟೇನ್ ಪೆಡಲ್ ಉಲ್ಟಾ ಕೆಲಸ ಮಾಡುತ್ತಿದ್ದರೆ, ವಾದ್ಯ ಆನ್ ಮಾಡುವಾಗ ಪೆಡಲಿನ ಮೇಲೆ ಕಾಲಿತ್ತೇ ಎಂದು ನೋಡಬೇಕು. ಹಲವು ವಾದ್ಯಗಳು ಆನ್ ಆಗುವ ಕ್ಷಣದಲ್ಲಿ ಪೆಡಲ್ ಇರುವ ಸ್ಥಿತಿಯನ್ನೇ ಬಿಟ್ಟ ಸ್ಥಿತಿ ಎಂದುಕೊಳ್ಳುತ್ತವೆ.

ಶುಚಿ ಮಾಡುವುದು ತಾಳ್ಮೆಯ ಕೆಲಸವೇ ಹೊರತು ಗುಟ್ಟಿನ ವಿದ್ಯೆಯಲ್ಲ. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಇಟ್ಟುಕೊಳ್ಳಬೇಕು, ಬಿಚ್ಚುವ ಮೊದಲು ಫೋಟೋ ತೆಗೆಯಬೇಕು. ಬೋರ್ಡಿನ ಗೆರೆಗಳನ್ನೂ ರಬ್ಬರಿನ ಬಿಲ್ಲೆಗಳನ್ನೂ ನೂಲು ಬಿಡದ ಬಟ್ಟೆಗೆ ಐಸೊಪ್ರೊಪಿಲ್ ಆಲ್ಕೋಹಾಲ್ ಸೋಕಿಸಿ ಹಗುರವಾಗಿ ಒರೆಸಬೇಕು. ಉಪ್ಪುಕಾಗದದಲ್ಲಿ ಉಜ್ಜಿದರೆ ಇಂಗಾಲದ ಪದರವೇ ಹೋಗುತ್ತದೆ, ಎಣ್ಣೆ ಬಿಟ್ಟರೆ ಇನ್ನಷ್ಟು ಧೂಳು ಅಂಟುತ್ತದೆ. ರಬ್ಬರ್ ಪಟ್ಟಿಯ ಸಣ್ಣ ಮೊಳೆಗಳು ತಮ್ಮ ತೂತುಗಳಲ್ಲಿ ಪೂರ್ತಿ ಕೂರದಿದ್ದರೆ ಕೀಗಳು ಮಂಕಾಗುತ್ತವೆ. ಕರಾವಳಿ, ಮಲೆನಾಡಿನ ಮಳೆಗಾಲದ ತೇವ ಜ್ಯಾಕುಗಳಿಗೆ ಕಿಲುಬು ತರುವುದರಿಂದ ಅಲ್ಲಿ ಈ ಕೆಲಸ ಬೇಗ ಬೇಗ ಬೇಕಾಗುತ್ತದೆ. ನುಡಿಸದೆ ಇಡುವಾಗ ಬಟ್ಟೆ ಹೊದಿಸುವುದು, ಬ್ಯಾಟರಿ ತೆಗೆದಿಡುವುದು ಇಷ್ಟೇ ಮಾಡಿದರೂ ಬಹಳಷ್ಟು ಕಷ್ಟ ತಪ್ಪುತ್ತದೆ. ಒಳಗೇ ಸೋರಿದ ಬ್ಯಾಟರಿ ಸ್ಪ್ರಿಂಗನ್ನೂ ಬೋರ್ಡನ್ನೂ ತಿಂದುಹಾಕುತ್ತದೆ. ಅಡಾಪ್ಟರಿನ ವಿಷಯದಲ್ಲಿ ಪಿನ್ನು ಹೊಂದಿತೆಂದು ಸಿಕ್ಕಿಸುವುದು ತಪ್ಪು. ಯಮಾಹಾದ ಬಹಳಷ್ಟು ಕೀಬೋರ್ಡುಗಳಿಗೆ 12 ವೋಲ್ಟ್, ಪಿನ್ನಿನ ನಡುವೆ ಪ್ಲಸ್. ಕ್ಯಾಸಿಯೋದ ಹಳೆಯ ಅನೇಕ ಮಾದರಿಗಳಿಗೆ 9 ವೋಲ್ಟ್, ನಡುವೆ ಮೈನಸ್. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದಾಗಲೇ ನಿಜವಾಗಿ ಚಿಪ್ಪು ಸುಡುವ ಅಪಾಯ.

ಇದಕ್ಕೆ ಎದುರಾಗುವ ಮಾತುಗಳಲ್ಲಿ ಗಟ್ಟಿಯಾದದ್ದು ಹಣದ್ದು: ರಿಪೇರಿಯ ಖರ್ಚಿಗೆ ಹೊಸ ಸಣ್ಣ ಕೀಬೋರ್ಡೇ ಬರುತ್ತದಲ್ಲ? ಮಕ್ಕಳ ಆಟಿಕೆಯಂಥ ವಾದ್ಯಕ್ಕೆ ಈ ಲೆಕ್ಕ ಸರಿ. ಆದರೆ ರಸಮಂಜರಿ ವೇದಿಕೆಯಲ್ಲಿ, ಚರ್ಚಿನಲ್ಲಿ, ಸುಗಮ ಸಂಗೀತದ ಪಕ್ಕವಾದ್ಯದಲ್ಲಿ ದುಡಿಯುವ ಕೀಬೋರ್ಡಿಗೆ ಸರಿಯಲ್ಲ. ಅಲ್ಲಿ ಒಂದು ರಬ್ಬರ್ ಪಟ್ಟಿಯ ಬೆಲೆಯನ್ನು ಇಡೀ ವಾದ್ಯದ ಬೆಲೆಯ ಪಕ್ಕದಲ್ಲಿಟ್ಟು ನೋಡಬೇಕು. ತಂತ್ರಜ್ಞಾನ ಹಳತಾಯಿತು ಎಂಬ ಇನ್ನೊಂದು ಮಾತು ವಾದ್ಯಗಳ ಮಟ್ಟಿಗೆ ನಿಲ್ಲುವುದಿಲ್ಲ. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7, 1988ರ ಕೊರ್ಗ್ ಎಂ1 ಇವತ್ತಿಗೂ ನುಡಿಯುತ್ತಿವೆ. 1983ರಲ್ಲೇ ಶುರುವಾದ ಮಿಡಿ ಸಂಪರ್ಕದಿಂದ ಅವು ಇಂದಿನ ಕಂಪ್ಯೂಟರಿಗೂ ಜೋಡಣೆಯಾಗುತ್ತವೆ. ನೆನಪು ಉಳಿಸುವ ಬಿಲ್ಲೆ ಬ್ಯಾಟರಿ ಮುಗಿದಾಗ ಅವುಗಳಲ್ಲಿ ನಾವು ಕೂಡಿಟ್ಟ ಸ್ವರಗಳು ಅಳಿಸಿಹೋಗುತ್ತವೆ ನಿಜ. ಮೊದಲೇ ನಕಲು ತೆಗೆದಿಟ್ಟುಕೊಂಡು ಬ್ಯಾಟರಿ ಬದಲಿಸಿದರೆ ಮುಗಿಯಿತು.

ಅಪಾಯದ ಮಾತನ್ನು ಮಾತ್ರ ಪೂರ್ತಿ ಒಪ್ಪಬೇಕು. ಅಡಾಪ್ಟರಿನಲ್ಲಿ ನಡೆಯುವ ಕೀಬೋರ್ಡನ್ನು ಪ್ಲಗ್ ಕಿತ್ತು ಬಿಚ್ಚುವುದು ಬೇರೆ, ಗೋಡೆಯ ಕರೆಂಟನ್ನು ನೇರ ಒಳಗೆಳೆದುಕೊಳ್ಳುವ ಡಿಜಿಟಲ್ ಪಿಯಾನೋವನ್ನು ಬಿಚ್ಚುವುದು ಬೇರೆ. ಎರಡನೆಯದರ ಕೆಪ್ಯಾಸಿಟರುಗಳಲ್ಲಿ ಪ್ಲಗ್ ಕಿತ್ತ ಮೇಲೂ ವಿದ್ಯುತ್ ಉಳಿದಿರಬಹುದು. ಅದು ಪಳಗಿದ ತಂತ್ರಜ್ಞರ ಕೆಲಸ. ವಾರಂಟಿ ಇರುವಷ್ಟು ದಿನ ಯಾವುದನ್ನೂ ಬಿಚ್ಚದಿರುವುದೇ ಸರಿ.

ನಿಜವಾದ ಅಡ್ಡಿ ಬಿಡಿಭಾಗದ್ದು. ಕೆಪ್ಯಾಸಿಟರು, ಜ್ಯಾಕುಗಳಂಥವು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ರಬ್ಬರ್ ಪಟ್ಟಿ ಹಾಗಲ್ಲ, ಒಂದು ಮಾದರಿಯದು ಇನ್ನೊಂದಕ್ಕೆ ಕೂರುವುದು ಅಪರೂಪ. ತಯಾರಕರು ಕೊಟ್ಟರಷ್ಟೇ ಉಂಟು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಜಾಲತಾಣ ತೆರೆದಾಗ ಕೃಷಿ ಯಂತ್ರ, ಮೊಬೈಲು, ಗೃಹೋಪಕರಣ, ವಾಹನ ಎಂದು ನಾಲ್ಕು ಕ್ಷೇತ್ರಗಳನ್ನು ಆರಿಸಿಕೊಂಡಿತು. ವಾದ್ಯಗಳನ್ನೂ ಆ ಸಾಲಿಗೆ ಸೇರಿಸಲು ಕೇಳಬೇಕು. ಅಲ್ಲಿಯವರೆಗೆ, ಕೊಳ್ಳುವ ದಿನವೇ ಅಂಗಡಿಯವರನ್ನು ಎಷ್ಟು ತಾಳಗಳಿವೆ ಎಂದು ಕೇಳುವುದರ ಜೊತೆಗೆ ಐದು ವರ್ಷದ ನಂತರ ಇದರ ರಬ್ಬರ್ ಪಟ್ಟಿ ಸಿಗುತ್ತದೆಯೇ, ಸರ್ವಿಸ್ ಸೆಂಟರ್ ಯಾವ ಊರಲ್ಲಿದೆ ಎಂದೂ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬಹುದು.